ಸುಮ್ನೆ ಹೆಸರಿಗೊಂದು ಸಹಿ

ತಿಪಟೂರು
ಭಾನುವಾರ ಸಂಜೆ

ಚಿ. ಪಲ್ಲವಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊದಲು ಈ ಹಾಳೆ ತಿರುಗಿಸಿ ನೋಡು. ಮೇಲೆ ನೀಲಿ ಬಣ್ಣದಲ್ಲಿ ಒಂದು ಕಂಪನಿಯ ಹೆಸರಿದೆ. ಅದರ ಕೆಳಗೆ ನಮ್ಮ ಪ್ರೆಸ್ಸಿನ ವಿಳಾಸ, ಪಕ್ಕದಲ್ಲಿ ಅಕ್ಷರ ಅಂಕಿ ಸೇರಿಸಿ 21 ಇರುವ, ಕಂಪನಿಯ ಗುರುತಿನ ಉದ್ದನೆಯ ನಂಬರು. ನಾನೇ ಅಚ್ಚು ಹಾಕಿದ ಲೆಟರ್‌ಹೆಡ್. ನಾಲ್ಕು ರೀಮ್ ಹೊಡೆದಿದ್ದೆ. ಮುಂಬದಿಯಲ್ಲಿ ಬರೆದ ಪತ್ರ ಹತ್ತೋ ಹನ್ನೆರಡೋ ಇರಬೇಕು. ಉಳಿದದ್ದರ ಹಿಂಬದಿಯಲ್ಲಿ ನಿನ್ನ ಅತ್ತೆ ಇವತ್ತಿಗೂ ಹಾಲಿನ ಲೆಕ್ಕ ಬರೆಯುತ್ತಾಳೆ.

ನಿಮ್ಮಮ್ಮ ಮೊನ್ನೆ ಫೋನ್ ಮಾಡಿದ್ದಳು. "ಪಲ್ಲವಿ ನೌಕರಿ ಜೊತೆಗೆ ಹೊರಗೆ ಮಾಡೋ ಆ್ಯಪ್ ಕೆಲಸಕ್ಕೆ ಕಂಪನಿ ಮಾಡ್ತಾಳಂತೆ ಕಣಣ್ಣ. ನನ್ನ ಆಧಾರ್, ಪ್ಯಾನು, ಫೋಟೋ ಎಲ್ಲಾ ಕಳಿಸು ಅಂದಿದ್ದಾಳೆ. ಇಬ್ಬರು ಡೈರೆಕ್ಟರ್ ಬೇಕಂತೆ, ನಾನು ಸುಮ್ನೆ ಹೆಸರಿಗಂತೆ. ಕಳಿಸ್ಲಾ?" ಅಂದಳು. ಒಂದು ವಾರ ತಡಿ ಅಂದೆ. ನಿನಗೆ ಸಿಟ್ಟು ಬಂದಿದ್ದರೆ ನನ್ನ ಮೇಲೆ ಇರಲಿ, ಅವಳ ಮೇಲೆ ಬೇಡ. ಫೋನಿನಲ್ಲಿ ಹೇಳಿದರೆ ನೀನು "ಸರಿ ಮಾವ, ಸರಿ ಮಾವ" ಅನ್ನುತ್ತಾ ಇನ್ನೇನೋ ಟೈಪ್ ಮಾಡುತ್ತಾ ಕೂತಿರುತ್ತೀಯ. ಅದಕ್ಕೇ ಬರೆಯಲು ಕೂತೆ.

ಆ "ಸುಮ್ನೆ ಹೆಸರಿಗೆ" ಅನ್ನುವ ಮಾತನ್ನು ನಾನು 2012ರಲ್ಲಿ ಕೇಳಿದ್ದೆ. ಹೇಳಿದವನು ಜೊತೆಯಲ್ಲಿ ಓದಿದ ಗೆಳೆಯ. ಲಗ್ನಪತ್ರಿಕೆಗೆ ಇಂಟರ್ನೆಟ್ಟಿನಲ್ಲಿ ಆರ್ಡರ್ ಹಿಡಿದು, ಇಲ್ಲಿ ಅಚ್ಚು ಹಾಕಿ ಊರೂರಿಗೆ ಕಳಿಸುವ ಯೋಚನೆ. ಯೋಚನೆಯಲ್ಲೇನೂ ತಪ್ಪಿರಲಿಲ್ಲ ಅಂತ ಈಗಲೂ ಅನಿಸುತ್ತದೆ. "ಪ್ರೈವೇಟ್ ಲಿಮಿಟೆಡ್ ಅಂತಿದ್ದರೆ ಬೆಂಗಳೂರಿನವರು ಮರ್ಯಾದೆ ಕೊಡ್ತಾರೆ. ಇಬ್ಬರು ಬೇಕು. ನೀನು ಸುಮ್ನೆ ಹೆಸರಿಗೆ ಇರು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದ. ಆಗೆಲ್ಲ ಕಂಪನಿಗೆ ಕನಿಷ್ಠ 1 ಲಕ್ಷ ಬಂಡವಾಳ ಬೇಕಿತ್ತು. ತಲಾ 50 ಸಾವಿರ ಹಾಕಿದೆವು. ಸರ್ಟಿಫಿಕೇಟು ಬಂದ ದಿನ ಹೋಟೆಲಿಗೆ ಹೋಗಿ ಇಬ್ಬರೂ ಎರಡೆರಡು ಜಾಮೂನು ತಿಂದೆವು.

ಒಂದೂವರೆ ವರ್ಷ ನಡೆಯಿತು. 2014ರ ಏಪ್ರಿಲ್‌ನಿಂದ ಹೊಸ ಕಂಪನಿ ಕಾಯ್ದೆಯ ಪ್ರಕಾರ ಲೆಟರ್‌ಹೆಡ್ ಮೇಲೆ ಆ 21ರ ನಂಬರು ಇರಲೇಬೇಕು ಅಂತಾಯಿತು. ಹಳೆಯದನ್ನು ರದ್ದಿಗೆ ಹಾಕಿ ಹೊಸದಾಗಿ ನಾಲ್ಕು ರೀಮ್ ಹೊಡೆದೆ. ಅಷ್ಟರಲ್ಲಿ ಆರ್ಡರ್ ಬರುವುದೇ ನಿಂತಿತ್ತು. ಗೆಳೆಯ ಬೇರೆ ಕೆಲಸ ಹುಡುಕಿಕೊಂಡು ಹೋದ. ವ್ಯಾಪಾರ ನಿಂತಿತು, ಕಂಪನಿಯೂ ನಿಂತಿತು ಅಂದುಕೊಂಡು ನಾನು ಪ್ರೆಸ್ಸಿನ ಕೆಲಸ ನೋಡಿಕೊಂಡೆ. ಅಂಗಡಿ ಬಾಗಿಲು ಹಾಕಿದರೆ ಅಂಗಡಿ ಮುಗಿಯಿತು ಅಲ್ವಾ?

ಕಂಪನಿ ಹಾಗೆ ಮುಗಿಯುವುದಿಲ್ಲ ಕಣಮ್ಮ. ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ವರ್ಷಕ್ಕೊಂದು ಆಡಿಟ್ ಆಗಬೇಕು. ಲೆಕ್ಕಪತ್ರ ಬೇರೆ, ವಾರ್ಷಿಕ ವಿವರ ಬೇರೆ, ಎರಡನ್ನೂ ಸರ್ಕಾರಕ್ಕೆ ಸಲ್ಲಿಸಬೇಕು. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ಅದರ ಡೈರೆಕ್ಟರುಗಳು ಐದು ವರ್ಷ ಅನರ್ಹರು. 2017ರಲ್ಲಿ ಕೇಂದ್ರ ಸರ್ಕಾರ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರು ಹೊಡೆದುಹಾಕಿ, 3 ಲಕ್ಷಕ್ಕೂ ಜಾಸ್ತಿ ಡೈರೆಕ್ಟರುಗಳನ್ನು ಅನರ್ಹರು ಅಂತ ಪಟ್ಟಿ ಹಾಕಿತು. ನಮ್ಮೂರ ಆಡಿಟರ್ ಫೋನ್ ಮಾಡಿ, "ಯಜಮಾನ್ರೇ, ನಿಮ್ಮ ಹೆಸರೂ ಇದೆ" ಅಂದರು. ಟಿವಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಗದದ ಮೇಲಷ್ಟೇ ಇರುವ ಶೆಲ್ ಕಂಪನಿ, ಕಪ್ಪು ಹಣ ಅಂತ ಬರುತ್ತಿದ್ದ ದಿನಗಳು. ನಿನ್ನ ಅತ್ತೆ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಬಂದು, "ಏನು ಮಾಡಿದ್ರಿ ನೀವು?" ಅಂತ ಕೇಳಿದಳು.

ಆ ಹೊತ್ತಿಗೆ ನಾನು ನಮ್ಮ ಕಡೆಯ ತೆಂಗು ಬೆಳೆಗಾರರ ಕಂಪನಿಯೊಂದರಲ್ಲೂ ಡೈರೆಕ್ಟರ್ ಆಗಿದ್ದೆ. ಅದು ಹೆಸರಿಗಲ್ಲ. ಹಳ್ಳಿ ಹಳ್ಳಿ ಸುತ್ತಿ, ಷೇರು ಹಣ ಒಟ್ಟುಮಾಡಿ ಕಟ್ಟಿದ್ದು. ಒಂದು ಕಡೆ ಅನರ್ಹನಾದವನು ಇನ್ನೊಂದು ಕಡೆಯ ಕುರ್ಚಿಯನ್ನೂ ಬಿಡಬೇಕು. ಬಿಟ್ಟೆ. ತಪ್ಪು ಸರಿಮಾಡಿಕೊಳ್ಳಿ ಅಂತ 2018ರಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ಆದರೆ ನಮ್ಮ ಕಂಪನಿಯ ಹೆಸರನ್ನೇ ಹೊಡೆದುಹಾಕಿದ್ದರಿಂದ, ಮೊದಲು ಕಂಪನಿಗಳ ವ್ಯಾಜ್ಯ ನೋಡುವ ಟ್ರಿಬ್ಯೂನಲ್‌ಗೆ ಹೋಗಿ ಸತ್ತ ಕಂಪನಿಗೆ ಜೀವ ತುಂಬಿಸಬೇಕಿತ್ತು. ಅದರ ಖರ್ಚು ಕೇಳಿ ಸುಮ್ಮನಾದೆ. ಐದು ವರ್ಷ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಗೆಳೆಯನನ್ನು ದೂರುವುದಿಲ್ಲ. ಸಹಿ ನನ್ನದೇ.

ಈಗ ನಿಮ್ಮಮ್ಮನ ವಿಷಯ. ಅವಳು ಸರ್ಕಾರಿ ಶಾಲೆಯ ಟೀಚರ್, ಇನ್ನೂ ಎರಡು ವರ್ಷ ಸರ್ವಿಸ್ ಇದೆ. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಕಂಪನಿ ನೋಂದಾಯಿಸುವುದರಲ್ಲಿ, ನಡೆಸುವುದರಲ್ಲಿ ಕೈ ಹಾಕುವ ಹಾಗಿಲ್ಲ ಅಂತ ನಡತೆ ನಿಯಮದಲ್ಲೇ ಇದೆ. ಪಿಂಚಣಿ ಕಾಗದ ತಯಾರಾಗುವ ಹೊತ್ತಿಗೆ ಯಾರಾದರೂ ಒಂದು ಮೂಗರ್ಜಿ ಬರೆದರೆ ಸಾಕು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ನೋಟಿಸ್ ತಗೊಂಡವಳಲ್ಲ ಅವಳು. ನೀನು ಉಳಿದದ್ದರಲ್ಲಿ ಏನಾದರೂ ಮಾಡು, ಇದೊಂದು ಬೇಡ. ಇದರಲ್ಲಿ ನಾನು ಸಲಹೆ ಕೊಡುತ್ತಿಲ್ಲ, ಬೇಡ ಅಂತಲೇ ಹೇಳುತ್ತಿದ್ದೇನೆ.

"ಹಾಗಾದ್ರೆ ಒಬ್ಬಳೇ ಮಾಡ್ತೀನಿ, ಓಪಿಸಿ" ಅನ್ನುತ್ತೀಯ. ಗೊತ್ತು. 2013ರ ಕಾಯ್ದೆಯಲ್ಲಿ ಏಕವ್ಯಕ್ತಿ ಕಂಪನಿ ಬಂತು, 2021ರಲ್ಲಿ ಅದರ ನಿಯಮಗಳೂ ಸಡಿಲವಾದವು. ಇಬ್ಬರ ಜಾಗದಲ್ಲಿ ಒಬ್ಬರು ಸಾಕು, ಒಬ್ಬ ನಾಮಿನಿ ಬೇಕು. ವಾರ್ಷಿಕ ಸಭೆ ಇಲ್ಲ. ಆದರೆ ಆಡಿಟ್ ಇದೆ, ಫಾರಂಗಳಿವೆ, ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ದಂಡ ಇದೆ. ಮರೆತು ಕೂತರೆ ಎರಡು ಫಾರಂಗೆ ವರ್ಷಕ್ಕೆ 73 ಸಾವಿರ ಆಗುತ್ತದೆ. ಬೇಡ ಅಂತ ಮುಚ್ಚಲು ಹೋದರೆ ಅರ್ಜಿಗೇ 10 ಸಾವಿರ ಶುಲ್ಕ, ಅದೂ ಬಾಕಿಯೆಲ್ಲ ತೀರಿಸಿದ ಮೇಲೆ. ಹುಟ್ಟಿಸುವುದಕ್ಕೆ ಹತ್ತು ದಿನ ಸಾಕು. ಆಮೇಲೆ ಅದು ಇನ್ನೊಂದು ಜೀವ ಇದ್ದ ಹಾಗೆ. ನೀನು ಉಣ್ಣದಿದ್ದರೂ ಅದಕ್ಕೆ ಉಣ್ಣಿಸಬೇಕು.

ಇನ್ನು ನಿನ್ನ ನೌಕರಿ. ನಿಜ ಹೇಳು, ಆಫರ್ ಲೆಟರ್ ಪೂರ್ತಿ ಓದಿದ್ದೀಯಾ? ಸಂಬಳದ ಪುಟ ಎಲ್ಲರೂ ಓದುತ್ತಾರೆ. ಆಮೇಲಿನ ಪುಟಗಳಲ್ಲಿ ಹೊರಗಿನ ಕೆಲಸದ ಬಗ್ಗೆ, ನೀನು ಬರೆದ ಕೋಡ್ ಯಾರದು ಅನ್ನುವ ಬಗ್ಗೆ ಏನಿದೆ ನೋಡು. 2022ರಲ್ಲಿ ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ, ಪೈಪೋಟಿ ಕಂಪನಿಗಳಿಗೂ ದುಡಿಯುತ್ತಿದ್ದಾರೆ ಅಂತ 300 ಜನರನ್ನು ಮನೆಗೆ ಕಳಿಸಿತು, ನೆನಪಿದೆ ಅಲ್ವಾ? ನಿನ್ನದು ಪೈಪೋಟಿ ಅಲ್ಲ, ಅಂಗಡಿಗಳಿಗೆ ಸ್ಟಾಕ್ ನೋಡುವ ಆ್ಯಪ್. ಆದರೂ ಕಂಪನಿ ಮಾಡಿದ ದಿನ ನಿನ್ನ ಹೆಸರು ಡೈರೆಕ್ಟರ್ ಅಂತ ಸರ್ಕಾರಿ ಪೋರ್ಟಲ್‌ನಲ್ಲಿ ಊರಿಗೆಲ್ಲ ಕಾಣುತ್ತದೆ. ನಿಮ್ಮ ಎಚ್‌ಆರ್‌ನವರು ಹುಡುಕಿದರೆ ಎರಡು ನಿಮಿಷ. ಹಾಗಂತ ಕಂಪನಿ ಇಲ್ಲದಿದ್ದರೆ ಕದ್ದುಮುಚ್ಚಿ ಮಾಡಬಹುದು ಅಂತ ನಾನು ಹೇಳಿಕೊಡುತ್ತಿಲ್ಲ. ಮ್ಯಾನೇಜರಿಗೆ ಒಂದು ಮೇಲ್ ಹಾಕು. "ಶನಿವಾರ, ಭಾನುವಾರ, ನನ್ನದೇ ಲ್ಯಾಪ್‌ಟಾಪಿನಲ್ಲಿ, ಇಂಥ ಕೆಲಸ" ಅಂತ ಬರೆದು ಒಪ್ಪಿಗೆ ತಗೋ. ಒಪ್ಪಿಗೆ ಬಾಯಲ್ಲಿ ಬೇಡ, ಬರಹದಲ್ಲಿ ಬೇಕು. ಅದು ಬರದ ಹೊರತು ಕಂಪನಿಯ ಮಾತೇ ಬೇಡ.

ತೆರಿಗೆ ಉಳಿಯುತ್ತೆ ಅಂತ ಯಾರೋ ಗೆಳತಿ ಹೇಳಿದಳು ಅಂದೆಯಲ್ಲ, ಅದನ್ನು ನಮ್ಮ ಆಡಿಟರ್ ಜೊತೆ ಕೂತು ಲೆಕ್ಕ ಹಾಕಿಸಿದೆ. ಹಳೆಯ ಬಿಲ್ ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡು ಬಂದಿದ್ದೇನೆ. ನಿನ್ನ ಸಂಬಳ 18 ಲಕ್ಷ, ಹೊರಗಿನ ಕೆಲಸದ್ದು 9 ಲಕ್ಷ, ಅದರಲ್ಲಿ ಸರ್ವರು, ಸಾಫ್ಟ್‌ವೇರು, ಓಡಾಟ ಅಂತ ಖರ್ಚು ಒಂದೂವರೆ ಲಕ್ಷ ಅಂತ ನೀನೇ ಅಂದಿದ್ದೆ.

ಈಗಿರುವ ಹಾಗೆ, ನಿನ್ನ ಹೆಸರಿನಲ್ಲೇ ಮಾಡಿದರೆ ಆದಾಯ ತೆರಿಗೆಯಲ್ಲಿ 44ಎಡಿಎ ಅಂತ ಎಲ್ಲರ ಬಾಯಲ್ಲಿರುವ ಸೌಲಭ್ಯ ಇದೆ. ಡಾಕ್ಟರು, ವಕೀಲರು, ಎಂಜಿನಿಯರುಗಳ ಜೊತೆ ಐಟಿ ಕೆಲಸವೂ ಆ ಪಟ್ಟಿಯಲ್ಲಿದೆ. ವರ್ಷಕ್ಕೆ 50 ಲಕ್ಷದವರೆಗೆ, ನಗದು ವ್ಯವಹಾರ ನೂರಕ್ಕೆ ಐದರೊಳಗಿದ್ದರೆ 75 ಲಕ್ಷದವರೆಗೆ, ಬಂದದ್ದರಲ್ಲಿ ಅರ್ಧವನ್ನು ಲಾಭ ಅಂತ ತೋರಿಸಬಹುದು. ಖರ್ಚಿನ ರಸೀದಿ ಕೇಳುವುದಿಲ್ಲ. ನಿನಗೆ ಉಳಿಯುವುದು ಅರ್ಧಕ್ಕಿಂತ ಜಾಸ್ತಿಯೇ, ಹಾಗಾಗಿ ಎಷ್ಟು ತೋರಿಸುವುದು ಸರಿ ಅಂತ ಆಡಿಟರ್ ಹತ್ತಿರವೇ ಕೇಳು. ಅರ್ಧ ಅಂತ ಹಿಡಿದರೆ ನಾಲ್ಕೂವರೆ ಲಕ್ಷ ಸಂಬಳದ ಮೇಲೆ ಕೂರುತ್ತದೆ. ಹೊಸ ಪದ್ಧತಿಯ ಸ್ಲ್ಯಾಬಿನಲ್ಲಿ ಅದಕ್ಕೆ ಬೀಳುವ ತೆರಿಗೆ ಸುಮಾರು 1 ಲಕ್ಷದ 3 ಸಾವಿರ.

ಕಂಪನಿಗೆ ಆ ಸೌಲಭ್ಯ ಇಲ್ಲ. ನಿಜವಾದ ಖರ್ಚು ಒಂದೂವರೆ ಲಕ್ಷ, ಆಡಿಟ್ ಮತ್ತು ಫಾರಂಗಳಿಗೆ ಆಡಿಟರ್ ಹೇಳಿದ ಅಂದಾಜು 40 ಸಾವಿರ ಕಳೆದರೆ ಲಾಭ 7 ಲಕ್ಷದ 10 ಸಾವಿರ. ನೂರಕ್ಕೆ 25ರ ಮೇಲೆ ಸ್ವಲ್ಪ, ಅಂದರೆ 1 ಲಕ್ಷದ 79 ಸಾವಿರ ಕಂಪನಿಯೇ ಕಟ್ಟಬೇಕು. ಮಿಕ್ಕಿದ್ದನ್ನು ಡಿವಿಡೆಂಡ್ ಅಂತ ನೀನು ತಗೊಂಡರೆ 2020ರಿಂದ ಅದಕ್ಕೂ ನಿನ್ನ ಸ್ಲ್ಯಾಬಿನಲ್ಲೇ ತೆರಿಗೆ. ಎರಡೂ ಸೇರಿ 3 ಲಕ್ಷ ದಾಟುತ್ತದೆ! ಪೂರ್ತಿ ಸಂಬಳದ ಲೆಕ್ಕದಲ್ಲಿ ತಗೊಂಡರೆ 1 ಲಕ್ಷದ 72 ಸಾವಿರಕ್ಕೆ ಇಳಿಯುತ್ತದೆ. ಆದರೆ ಆಗ ನೀನು ಎರಡು ಕಡೆ ಸಂಬಳ ತಗೊಳ್ಳುವ ನೌಕರಳಾದೆ. ನಿನ್ನ ಆಫೀಸಿನವರಿಗೆ ಅದನ್ನು ಹೇಗೆ ಹೇಳುತ್ತೀಯ? ಆ ಗೆಳತಿ ಯಾವ ಲೆಕ್ಕದಲ್ಲಿ ಉಳಿತಾಯ ಅಂದಳೋ ದೇವರೇ ಬಲ್ಲ. ದುಡ್ಡನ್ನು ಕಂಪನಿಯಲ್ಲೇ ಬಿಟ್ಟು ಬೆಳೆಸುವವರಿಗೆ, ಅಥವಾ ಶೇಕಡಾ 30ರ ಸ್ಲ್ಯಾಬಿನಲ್ಲಿ ದೊಡ್ಡ ಮೊತ್ತ ದುಡಿಯುವವರಿಗೆ ಲಾಭ ಇರಬಹುದು. ನೀನು ಆ ದುಡ್ಡಿನಲ್ಲಿ ಮನೆ ಸಾಲದ ಕಂತು ಕಟ್ಟುತ್ತಿದ್ದೀಯ.

ಇನ್ನೊಂದು. ಕಂಪನಿಯ ದುಡ್ಡು ನಿನ್ನದಲ್ಲ. ಹಬ್ಬಕ್ಕೊಂದು ಸೀರೆ ಬೇಕೆಂದು ಆ ಖಾತೆಯಿಂದ ಫೋನ್ ಪೇ ಮಾಡುವ ಹಾಗಿಲ್ಲ. ಆಮೇಲೆ ವಾಪಸ್ ಹಾಕ್ತೀನಿ ಅಂತ ಸಾಲದ ಹಾಗೆ ತಗೊಂಡರೂ ಅದನ್ನು ಡಿವಿಡೆಂಡ್ ಅಂತ ಹಿಡಿದು ತೆರಿಗೆ ಹಾಕಬಹುದು. ಈಗ ನಿನ್ನ ದುಡ್ಡು ನಿನ್ನ ಪರ್ಸಿನಲ್ಲಿದೆ. ಅದರ ಸುಖ ನಿನಗೆ ಗೊತ್ತಾಗುತ್ತಿಲ್ಲ.

ಹಾಗಾದರೆ ಕಂಪನಿ ಯಾತಕ್ಕೆ? ಹೊಣೆಗೆ ಒಂದು ಮಿತಿ ಬೇಕು ಅಂತ. ನೀನು ಕೆಲಸ ಮಾಡಿಕೊಡುವವರ ಪಟ್ಟಿಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದೇ, ರೋಗಿಗಳ ವಿವರ ಇರುವ ಆ ಕ್ಲಿನಿಕ್ಕಿನ ಕೆಲಸ. ಅಂಗಡಿಯ ಸ್ಟಾಕ್ ತಪ್ಪಾದರೆ ನಾಲ್ಕು ಮೂಟೆ ವ್ಯತ್ಯಾಸ. ರೋಗಿಗಳ ಹೆಸರು, ಕಾಯಿಲೆ, ಫೋನ್ ನಂಬರು ಸೋರಿದರೆ ಹಾಗಲ್ಲ. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿಯವರೆಗೆ ಇದೆ. ಆ ಕಾಯ್ದೆಯಲ್ಲಿ ಮುಖ್ಯ ಹೊಣೆ ಕ್ಲಿನಿಕ್ಕಿನದೇ. ಆದರೆ ಅವರು ಕರಾರಿನಲ್ಲಿ ಅದನ್ನು ನಿನ್ನ ತಲೆಗೆ ಕಟ್ಟಿದ್ದಾರೋ ಇಲ್ಲವೋ ನೋಡಿದ್ದೀಯಾ? ಸ್ವಂತ ಹೆಸರಿನಲ್ಲಿ ಮಾಡಿದರೆ ನಿನ್ನ ಫ್ಲ್ಯಾಟು, ಉಳಿತಾಯ ಎಲ್ಲವೂ ಆ ಹೊಣೆಗೆ ಸಿಗುತ್ತದೆ. ಕಂಪನಿ ಇದ್ದರೆ ಅಲ್ಲೊಂದು ಗೋಡೆ ಇರುತ್ತದೆ, ನಿಜ. ಗೋಡೆಯಲ್ಲಿ ಬಾಗಿಲೂ ಇದೆ. ನೀನೇ ಕೈಯಾರೆ ಮಾಡಿದ ತಪ್ಪಿಗೆ ನಿನ್ನನ್ನೂ ಸೇರಿಸಿ ಕೇಸು ಹಾಕಬಹುದು. ಸಾಲ ಕೇಳಲು ಹೋದರೆ ಬ್ಯಾಂಕಿನವರು ಸ್ವಂತ ಜಾಮೀನು ಬರೆಸಿಕೊಳ್ಳದೆ ಬಿಡುವುದಿಲ್ಲ. ಅದಕ್ಕೇ ಮೊದಲು ಕರಾರು ಗಟ್ಟಿ ಮಾಡು. "ನನ್ನ ಹೊಣೆ ನೀವು ನನಗೆ ಕೊಟ್ಟ ಹಣದಷ್ಟು ಮಾತ್ರ" ಅನ್ನುವ ಒಂದು ಸಾಲು ಹಾಕಿಸು. ಡೇಟಾ ಅವರ ಖಾತೆಯಲ್ಲೇ ಇರಲಿ, ನಿನ್ನ ಸರ್ವರಿನಲ್ಲಿ ಬೇಡ. ಇಂಥ ವೃತ್ತಿಯ ತಪ್ಪುಗಳಿಗೂ ವಿಮೆ ಸಿಗುತ್ತದೆ, ವಿಚಾರಿಸು. ಒಪ್ಪದಿದ್ದರೆ ಆ ಕೆಲಸವನ್ನೇ ಬಿಡು. ಒಂದು ಗಿರಾಕಿ ಹೋದರೆ ಪ್ರಪಂಚ ಮುಳುಗುವುದಿಲ್ಲ.

ಮರ್ಯಾದೆಯ ಮಾತಿಗೆ ಬರುತ್ತೇನೆ. ನಿನಗೆ ಒಳಗೊಳಗೆ ಅದೂ ಇದೆ, ನನಗೂ ಇತ್ತು. ಮೂವತ್ತೈದು ವರ್ಷ ಈ ಊರಿನ ಬಿಲ್ ಬುಕ್ ಹೊಡೆದವನು ನಾನು. ಕೊಬ್ಬರಿ ಮಂಡಿಯ ಯಾರ ವ್ಯಾಪಾರ ಎಷ್ಟು ಅಂತ ಬಿಲ್ ಬುಕ್ಕಿನ ನಂಬರು ನೋಡಿಯೇ ಹೇಳುತ್ತಿದ್ದೆ. ವರ್ಷಕ್ಕೆ ಹತ್ತು ಬುಕ್ ಖಾಲಿ ಮಾಡುವವರು "ಹೆಸರಿನ ಮುಂದೆ ಪ್ರೊ: ಅಂತ ಹಾಕು ಸಾಕು" ಅನ್ನುತ್ತಿದ್ದರು. ನಾಲ್ಕು ಬಣ್ಣದ ಲೋಗೋ, ಚಿನ್ನದ ಅಕ್ಷರ, ಪ್ರೈವೇಟ್ ಲಿಮಿಟೆಡ್ ಅಂತ ಕೇಳಿದವರು ಎರಡನೇ ಬುಕ್ಕಿಗೆ ಬಂದದ್ದು ಕಡಿಮೆ. ಎಲ್ಲರೂ ಹಾಗೆ ಅಂತಲ್ಲ. ನೀನು ಲೋಗೋ ಮಾಡಿಸಿದ್ದೀಯಂತೆ, ಕೂಸು ಹುಟ್ಟುವ ಮುಂಚೆ ಕುಲಾವಿ. ಚೆನ್ನಾಗಿದೆ, ನಿಮ್ಮಮ್ಮ ವಾಟ್ಸಾಪಿನಲ್ಲಿ ಕಳಿಸಿದಳು. ಅದೇ ಹೆಸರು, ಅದೇ ಲೋಗೋ ಇಟ್ಟುಕೊಂಡು ಪ್ರೊಪ್ರೈಟರ್, ಅಂದರೆ ಒಬ್ಬಳೇ ಮಾಲೀಕಳಾಗಿಯೂ ಬಿಲ್ ಕೊಡಬಹುದು. ಹೆಸರು ಯಾರಾದರೂ ಕದ್ದಾರು ಅಂತಿದ್ದರೆ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕು. ಒಬ್ಬ ವ್ಯಕ್ತಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ.

ಹೆಸರು ಕಾಯ್ದಿರಿಸಿದ್ದು 20 ದಿನಕ್ಕೆ ಮುಗಿಯುತ್ತದೆ, ಅದಕ್ಕೇ ಅವಸರ ಅಂತ ನೀನು ಅಮ್ಮನಿಗೆ ಹೇಳಿದೆಯಂತೆ. ಅದಕ್ಕೆ ಕಟ್ಟಿದ್ದು ಸಾವಿರ ರೂಪಾಯಿ. ಹೋದರೆ ಹೋಗಲಿ. ಬೇಕಿದ್ದರೆ ಆ ಸಾವಿರ ನಾನು ಕೊಡುತ್ತೇನೆ.

ಈಗ ಮಾಡಬೇಕಾದ್ದು ಬೇರೆ ಇದೆ. ಸಣ್ಣ ಉದ್ದಿಮೆಗಳಿಗೆ ಅಂತ ಇರುವ ಉದ್ಯಮ್ ನೋಂದಣಿ ಮಾಡಿಕೋ. ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ, ದುಡ್ಡು ಕೇಳುವ ಸೈಟುಗಳು ಅದರದ್ದೇ ವೇಷ ಹಾಕಿಕೊಂಡಿರುತ್ತವೆ, ಹುಷಾರು. ನೋಂದಣಿ ಆದ ಮೇಲಿನ ಬಿಲ್ಲುಗಳಿಗೆ ಗಿರಾಕಿ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿನಗೆ ಬರುತ್ತದೆ. ಐದು ತಿಂಗಳಿಂದ ಸತಾಯಿಸುತ್ತಿರುವ ಆ ಅಂಗಡಿಯವರ ಹಳೆಯ ಬಾಕಿಗೆ ಇದು ಸಿಗಲಿಕ್ಕಿಲ್ಲ, ಮುಂದಿನದಕ್ಕೆ ಸಿಗುತ್ತದೆ. ಆ ಸರ್ಟಿಫಿಕೇಟು ಇದ್ದರೆ ವ್ಯವಹಾರದ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯುವುದೂ ಸಲೀಸು. ಮನೆ ಖರ್ಚು, ಕೆಲಸದ ಖರ್ಚು ಬೇರೆ ಬೇರೆ ಇರಲಿ. ಜಿಎಸ್‌ಟಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ, ನಿನ್ನ ಸಂಬಳ ಅದರಲ್ಲಿ ಸೇರುವುದಿಲ್ಲ. ಗಿರಾಕಿ ಜಿಎಸ್‌ಟಿ ನಂಬರು ಬೇಕೇ ಬೇಕು ಅಂದರೆ ಅದನ್ನೂ ನಿನ್ನ ಪ್ಯಾನಿನ ಮೇಲೆಯೇ ತಗೊಳ್ಳಬಹುದು. ಕಂಪನಿ ಬೇಕಿಲ್ಲ.

ಜನ್ಮದಲ್ಲಿ ಕಂಪನಿ ಮಾಡಬೇಡ ಅಂತ ನಾನು ಹೇಳುತ್ತಿಲ್ಲ. ನೀನು ನೌಕರಿ ಬಿಟ್ಟು ಇದಕ್ಕೇ ಇಳಿದ ದಿನ ಮಾಡು. ಜೊತೆಗೆ ನಿಜವಾಗಿ ದುಡಿಯುವ, ದುಡ್ಡು ಹಾಕುವ ಇನ್ನೊಬ್ಬರು ಬಂದರೆ ಮಾಡು, ಆಗ ಎಲ್‌ಎಲ್‌ಪಿ, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆಯೂ ಒಂದು ದಾರಿ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟುವವರೆಗೆ ಅದಕ್ಕೆ ಕಡ್ಡಾಯ ಆಡಿಟ್ ಇಲ್ಲ. ಇಬ್ಬರು ಮೂವರಿಗೆ ಸಂಬಳ ಕೊಡುವ ಹೊತ್ತು ಬಂದರೆ ಮಾಡು. ಯಾರೋ ದೊಡ್ಡವರು "ಪ್ರೈವೇಟ್ ಲಿಮಿಟೆಡ್ ಇದ್ದರೆ ಮಾತ್ರ ಕೆಲಸ" ಅಂದರೆ, ಎಷ್ಟು ಕೆಲಸ, ಎಷ್ಟು ವರ್ಷ ಅಂತ ಬರೆದುಕೊಡಲು ಹೇಳು. ಬರೆದುಕೊಟ್ಟರೆ ನಾನೇ ಬಂದು ಆಡಿಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಮುಂದಿನ ಶನಿವಾರ ಬಾ. ಆಫರ್ ಲೆಟರು, ಕ್ಲಿನಿಕ್ಕಿನ ಕರಾರು ಎರಡನ್ನೂ ತಾ. ಫೋನಿನಲ್ಲಿ ತೋರಿಸಬೇಡ, ಪ್ರಿಂಟು ತಾ, ಕಣ್ಣು ಕಾಣುವುದಿಲ್ಲ. ಬೆಳಿಗ್ಗೆಯ ರೈಲಿಗೆ ಬಂದರೆ ಮಧ್ಯಾಹ್ನ ಊಟಕ್ಕೆ ಅವರೆಕಾಳು ಸಾರು ಅಂತ ನಿನ್ನ ಅತ್ತೆ ಹೇಳಿದ್ದಾಳೆ. ಹೋಗುವಾಗ ಕಾಯಿ ಒಂದು ಚೀಲ ತಗೊಂಡು ಹೋಗು. ಅಮ್ಮನಿಗೆ ಆಧಾರ್ ಕಾರ್ಡನ್ನು ಬೀರುವಿನಲ್ಲಿ ವಾಪಸ್ ಇಡು ಅಂತ ನಾನೇ ಫೋನ್ ಮಾಡಿ ಹೇಳಿದ್ದೇನೆ.

ಬರುವ ಮುಂಚೆ ಸಿಟ್ಟಿನಲ್ಲಿ ಏನಾದರೂ ಬರೆಯಬೇಕು ಅನಿಸಿದರೆ ಇರಲಿ ಅಂತ ಈ ಲೆಟರ್‌ಹೆಡ್‌ನ ಎರಡು ಖಾಲಿ ಹಾಳೆ ಜೊತೆಗಿಟ್ಟಿದ್ದೇನೆ. ಇನ್ನೂ ಒಂದೂವರೆ ರೀಮ್ ಇದೆ.

ಇಂತಿ ನಿನ್ನ
ಮಾವ